ಓಕ್ ಕಪಾಟಿನ ಸತುವಿನ ನಾಣ್ಯಗಳು

ಜರ್ಮನಿಯ ಹಾಗೆನ್ ಊರಿನ ಎಗ್‌ಬರ್ಟ್ ವೀಟ್‌ಹೋಫ್ ಕೂತಲ್ಲಿ ಕೂರುವ ಆಸಾಮಿಯಲ್ಲ. ಮೂವತ್ತೆಂಟು ವರ್ಷ ಕ್ರೇನ್ ಓಡಿಸಿ ನಿವೃತ್ತನಾದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಹಳೆ ಸಾಮಾನಿನ ಸಂತೆಗಳನ್ನೆಲ್ಲ ಸುತ್ತುತ್ತಿದ್ದ. ಅವನಿಗೆ ಬೇಕಾದದ್ದು ಒಂದೇ: ಮೊದಲ ಮಹಾಯುದ್ಧದಲ್ಲಿ ತಾಮ್ರ, ನಿಕಲ್ ಎಲ್ಲ ಫಿರಂಗಿಯ ಪಾಲಾದಾಗ ಕಾರ್ಖಾನೆಗಳು ತಾವೇ ಅಚ್ಚು ಹಾಕಿಸಿದ ಸತುವಿನ ಚಿಲ್ಲರೆ. ಆಯಾ ಕಾರ್ಖಾನೆಯ ಗೇಟು ದಾಟಿದರೆ ಅದು ಅಂಗಿಯ ಗುಂಡಿಗೂ ಸಮನಾಗಿರಲಿಲ್ಲ.

ಅಂಥ ಇನ್ನೂರ ಹನ್ನೆರಡು ನಾಣ್ಯ ಅವನಲ್ಲಿದ್ದವು. ಜೀವ ಇದ್ದದ್ದು ಮಾತ್ರ ಒಂದರ ಮೇಲೆ. ಯುದ್ಧಕಾಲದಲ್ಲಿ ತಂತಿ ಕಾರ್ಖಾನೆಯಲ್ಲಿ ದುಡಿದ ಅಜ್ಜಿ ಆಡೆಲ್‌ಹೈಡ್ ಉಳಿಸಿಹೋದ ಹತ್ತು ಫೆನಿಗ್ ನಾಣ್ಯ ಅದು. ಒಂದೇ ಕೋಣೆಯಲ್ಲಿದ್ದ ಗೆಳತಿಯರು ತಮ್ಮದೆಂದು ಎತ್ತಿಕೊಳ್ಳದಿರಲಿ ಎಂದು ಅಂಚಿನಲ್ಲಿ ಸೂಜಿಯಿಂದ ತನ್ನ ಹೆಸರಿನ ಮೊದಲಕ್ಷರ ಗೀಚಿದ್ದಳು. ಅದೇ ಕಾರ್ಖಾನೆಯ ಇನ್ನೂ ನಾಲ್ಕನ್ನು ಎಗ್‌ಬರ್ಟ್ ಸಂತೆಯಲ್ಲಿ ಕೊಂಡು ಜೊತೆಗಿಟ್ಟಿದ್ದ.

ಇವಕ್ಕೆಲ್ಲ ತಕ್ಕ ಮನೆ ಬೇಡವೇ? ಎರಡು ಚಳಿಗಾಲ ಕೂತು ಗಟ್ಟಿ ಓಕ್ ಮರದಲ್ಲಿ ಹನ್ನೆರಡು ಖಾನೆಯ ಕಪಾಟು ಮಾಡಿದ. ನೋಡಿದವರೆಲ್ಲ ಹೊಗಳಿದರು, ಹೊಗಳದವರನ್ನು ಅವನೇ ಕೇಳಿ ಹೊಗಳಿಸಿಕೊಂಡ. ವರ್ಷ ತುಂಬುವಷ್ಟರಲ್ಲಿ ನಾಣ್ಯಗಳ ಮೇಲೆ ಬಿಳಿ ಪುಡಿ ಕಾಣಿಸಿಕೊಂಡಿತು.

ನೆಲಮಾಳಿಗೆಯ ತೇವ ಎಂದುಕೊಂಡು ಕಪಾಟನ್ನು ಮಲಗುವ ಕೋಣೆಗೆ ಹೊತ್ತ. ಗಾಳಿಯಾಡದಂತೆ ಬಾಗಿಲಿಗೆ ರಬ್ಬರ್ ಪಟ್ಟಿ ಬಡಿದ. ಪುಡಿ ಇನ್ನಷ್ಟು ಹೆಚ್ಚಿತು. ಊಟದ ನಡುವೆ ಎದ್ದು ಹೋಗಿ ನೋಡುವನು, ಬಂದು ಕೂರುವನು, ಮತ್ತೆ ಏಳುವನು. ಮದುವೆಯಾಗಿರುವುದು ತನ್ನನ್ನೋ ಕಪಾಟನ್ನೋ ಎಂದು ಹೆಂಡತಿ ಗುಡ್ರುನ್ ಚುಚ್ಚಿದಳು. ತಾನು ಸೇರಿದ್ದ ನಾಣ್ಯ ಸಂಗ್ರಾಹಕರ ಸಂಘದಲ್ಲಿ ಕೇಳಿದರೆ ನಗುತ್ತಾರೆಂಬ ಬಿಗುಮಾನ ಬೇರೆ. ಅದರಲ್ಲೇ ಎರಡು ವರ್ಷ ಹೋಯಿತು.

ಕೊನೆಗೆ ಮನಸ್ಸು ತಡೆಯದೆ ಒಂದು ಖಾನೆಯನ್ನೇ ಕಳಚಿ, ಬಿಯರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುವ ಸಂಘದ ಕೂಟಕ್ಕೆ ಒಯ್ದ. ಹಿಂದೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಟೆಲ್‌ಮನ್ ಮೇಡಂ ನಾಣ್ಯ ನೋಡುವ ಮೊದಲು ಖಾನೆಯನ್ನು ಮೂಸಿದರು.

"ಇದು ಓಕ್ ಅಲ್ವಾ ವೀಟ್‌ಹೋಫ್ ಅವ್ರೇ?"

"ಅಪ್ಪಟ ಓಕ್. ನಾನೇ ಮಾಡಿದ್ದು."

"ಓಕ್ ಹುಳಿ ಆವಿ ಬಿಡುತ್ತೆ. ಅದು ಸತುವನ್ನ ತಿಂದ್ಹಾಕುತ್ತೆ. ಬಾಗಿಲು ಭದ್ರ ಮಾಡಿದಷ್ಟೂ ಜಾಸ್ತಿ."

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಬಿಯರ್ ಮುಟ್ಟದೆ ಎದ್ದವನು ಬಸ್ಸಿಗೂ ಕಾಯದೆ ಮನೆಗೆ ನಡೆದ. ಕಪಾಟು ಬರಿದು ಮಾಡಿ ನಾಣ್ಯಗಳನ್ನೆಲ್ಲ ಅಡಿಗೆಮನೆಯ ಮೇಜಿಗೆ ಸುರಿದ. ತಂತಿ ಕಾರ್ಖಾನೆಯ ಐದನ್ನು ಆರಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದ. ಐದರ ಅಂಚೂ ತೂತುತೂತು.

"ಅಜ್ಜಿದು ಯಾವ್ದು?" ಗುಡ್ರುನ್ ಮೆಲ್ಲಗೆ ಕೇಳಿದಳು.

ಎಗ್‌ಬರ್ಟ್ ಮೊದಲಿನದನ್ನು ಎತ್ತಿದ, ಇಟ್ಟ. ಮೂರನೆಯದನ್ನು ಎತ್ತಿದ. ಮತ್ತೆ ಮೊದಲಿನದನ್ನು.

"ಗೊತ್ತಾಗ್ತಿಲ್ಲ ಕಣೇ," ಎಂದ. "ಅವಳ ಅಕ್ಷರ ಎರಡು ಯುದ್ಧ ತಡ್ಕೊಂಡಿತ್ತು. ನನ್ನ ಕಪಾಟನ್ನ ತಡ್ಕೊಳ್ಳಲಿಲ್ಲ."