ಮೇಡಂ ಹಾಕಿದ ಗಂಟು

ಹಳೆಯ ಹಾರ್ಡ್ ಡಿಸ್ಕೊಂದನ್ನು ಎಡಗಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಒಳಗಿನ ತಟ್ಟೆ ತಿರುಗುವ ಸದ್ದು ಕೇಳುತ್ತಿದ್ದ ಮೇಡಂ ಮುಖ ನನಗೆ ಮೊದಲು ನೆನಪಾಗುತ್ತದೆ. ಕಿವಿಯ ಓಲೆ ಡಿಸ್ಕಿಗೆ ತಾಗಿ ಟಿಕ್ ಎನ್ನುತ್ತಿತ್ತು. "ಓಲೆ ಸದ್ದನ್ನ ಡಿಸ್ಕಿನ ಕಾಯ್ಲೆ ಅಂತ ಬರ್ಕೋಬೇಡ ಕಣಪ್ಪ" ಎಂದು ನಗುತ್ತಿದ್ದರು.

ಮೈಸೂರಿನ ನಮ್ಮ ಸಣ್ಣ ಕಚೇರಿ ಫೋಟೊ ಸ್ಟುಡಿಯೊಗಳಿಗೆ, ಪ್ರೆಸ್ಸುಗಳಿಗೆ ಕಡತ ಕೂಡಿಡುವ ಯಂತ್ರಗಳನ್ನು ಮಾಡಿಕೊಡುತ್ತಿತ್ತು. ಅದರ ಕರ್ನೆಲ್‌ನಲ್ಲಿ, ಎಂದರೆ ಯಂತ್ರವನ್ನೂ ತಂತ್ರಾಂಶವನ್ನೂ ಬೆಸೆಯುವ ತಿರುಳಿನಲ್ಲಿ, ಯಾರು ಏನು ಬದಲಿಸಿದರೂ ಮೇಡಂ ನೋಡಬೇಕು. ಹಳೆಯ ಡಿಸ್ಕುಗಳು ಆಮೇಲೂ ಸರಿಯಾಗಿ ನಡೆಯುತ್ತವೆಯೇ ಎಂಬುದಷ್ಟೇ ಅವರ ಪ್ರಶ್ನೆ. ಅಂಥ ಡಿಸ್ಕುಗಳನ್ನು ಹಳೆ ಸೀರೆಯ ತುಂಡುಗಳಲ್ಲಿ ಸುತ್ತಿ, ತಮ್ಮದೇ ರೀತಿಯ ಗಂಟು ಹಾಕಿ ಬೀರುವಿನಲ್ಲಿ ಇಟ್ಟಿದ್ದರು. ಒಂದೊಂದಕ್ಕೂ ಚೀಟಿ: 'ನಿಧಾನಕ್ಕೆ ಏಳುತ್ತೆ', 'ಬಿಸಿಯಾದ್ರೆ ಮುನಿಯುತ್ತೆ'. ಒಂದರ ಮೇಲೆ 'ಬರೆಯೋಕೆ ಮುಂಚೇನೇ ಬರೆದೆ ಅನ್ನುತ್ತೆ' ಎಂದಿತ್ತು. ಅಂಥ ಡಿಸ್ಕಿನ ಮಾತು ನಂಬಿದರೆ, ನಡುವೆ ಕರೆಂಟು ಹೋದಾಗ ಕಡತ ಉಳಿಯುವುದಿಲ್ಲ. ಅದಕ್ಕೇ ಕರ್ನೆಲ್‌ನಲ್ಲಿ ನಂಬಬಾರದ ಡಿಸ್ಕುಗಳ ಪಟ್ಟಿಯೊಂದಿತ್ತು.

ಆ ಪಟ್ಟಿಯನ್ನು ನಾನು ಚೊಕ್ಕಗೊಳಿಸಿದೆ. ಮೇಡಂ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿದ್ದ ವಾರ ಅದು. ಬೇರೆ ದಿನವಾಗಿದ್ದರೆ ತಾವೇ ಪರೀಕ್ಷಿಸುತ್ತಿದ್ದರು.

"ಬೀರುವಿನ ಡಿಸ್ಕಿನ ಮೇಲೆ ಓಡ್ಸಿ, ನಡುವೆ ಪ್ಲಗ್ ಕಿತ್ತು ನೋಡಿದ್ಯೇನೋ?"

"ನೋಡ್ದೆ ಮೇಡಂ."

ನೋಡಿರಲಿಲ್ಲ. ಸಂಜೆ ನೋಡಿದರಾಯಿತು ಎಂದುಕೊಂಡಿದ್ದೆ. ಬದಲಾವಣೆಯ ಜೊತೆ 'ಪರೀಕ್ಷಿಸಿದವರು' ಎಂದು ನನ್ನ ಹೆಸರು ಬರೆದೆ. ನನ್ನನ್ನು ನಂಬಿ, ಅದರ ಕೆಳಗೆ 'ಪರಿಶೀಲಿಸಿದವರು' ಎಂದು ಅವರು ತಮ್ಮ ಹೆಸರು ಹಾಕಿದರು. ಸಂಜೆ ಬೇರೆ ಕೆಲಸ ಬಂತು.

ಮುಂದಿನ ತಿಂಗಳು ನಜರ್‌ಬಾದಿನ ಸ್ಟುಡಿಯೊ ಒಂದರಲ್ಲಿ ಕರೆಂಟು ಹೋಗಿ, ಒಂದು ಮದುವೆಯ ಫೋಟೊಗಳೆಲ್ಲ ಅಳಿದವು. ನನ್ನ ಚೊಕ್ಕ ಪಟ್ಟಿಯಿಂದ ಅವರ ಡಿಸ್ಕಿನ ಮಾದರಿ ಬಿಟ್ಟುಹೋಗಿತ್ತು. ಮೇಡಂ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು.

"ಮದ್ವೆ ಇನ್ನೊಂದ್ಸಲ ಮಾಡ್ಸೋಕಾಗುತ್ತೇನ್ರೀ? ನೋಡ್ದೇನೇ ಸರಿಯಿದೆ ಅಂದ್ಬುಟ್ಟೋರು ಯಾರು?" ಸ್ಟುಡಿಯೊದ ಯಜಮಾನರು ಕೂಗಿದರು.

"ನಾನೇ ಕಣ್ರೀ. ಹೆಸರು ನಂದೇ ಇದೆ" ಎಂದರು ಮೇಡಂ.

ನಾನು ಪಕ್ಕದಲ್ಲೇ ನಿಂತಿದ್ದೆ.

"ನಿಮ್ಮ ಹೆಸರು ನೋಡೇ ತಗೊಂಡಿದ್ದು ಮೇಡಂ" ಎಂದರು ಯಜಮಾನರು, ದನಿ ಇಳಿಸಿ. ಮೇಡಂ ತಲೆ ತಗ್ಗಿಸಿದ್ದನ್ನು ಅದೊಂದೇ ಸಲ ಕಂಡೆ.

ವಾಪಸ್ ಬರುವಾಗ ಆಟೊದಲ್ಲಿ ಹೇಳಿದರು: "ಹೊರಡೋಕೆ ಮುಂಚೆ ಬೀರು ತೆಗ್ದು ನೋಡ್ದೆ. ಆ ಡಿಸ್ಕಿಗೆ ನಾನು ಹಾಕಿದ್ ಗಂಟು ಹಂಗೇ ಇತ್ತು." ಕೃಷ್ಣಮೂರ್ತಿಪುರಂನಲ್ಲಿ ತಮ್ಮ ಮನೆಯ ಮುಂದೆ ಇಳಿಯುವಾಗ, "ನಾಳೆ ಬಿಚ್ಚು" ಎಂದರು.

ಬಿಚ್ಚಿದೆ. ಕಡತ ಬರೆಯುತ್ತಿರುವಾಗ ಪ್ಲಗ್ ಕಿತ್ತೆ. ಮೊದಲನೆಯ ಸಲಕ್ಕೇ ಕಡತ ಹೋಗಿತ್ತು.

ಗಂಟಿನ ವಿಷಯ ಕಚೇರಿಯಲ್ಲಿ ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಸಹೋದ್ಯೋಗಿಯೊಬ್ಬರು, "ಮೇಡಂ ಕೈಲಿ ತಪ್ಪಾಗಿದ್ದು ಒಂದೇ ಒಂದ್ಸಲ, ಆ ಮದ್ವೆ ಫೋಟೊದ್ದು" ಎಂದರು, ಮೆಚ್ಚುಗೆಯಿಂದಲೇ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಆ ಬದಲಾವಣೆಯ ದಾಖಲೆ ಈಗಲೂ ಹಾಗೇ ಇದೆ, ನನ್ನ ಹೆಸರಿನ ಕೆಳಗೆ ಅವರ ಹೆಸರು. ತಪ್ಪು ಅವರದಲ್ಲ. ನಾನು ನೋಡಿರಲಿಲ್ಲ.