ಯಾರ ಪೈಕಿ?

ನಮ್ಮ ಕಡೆ ಯಾರದೇ ಮನೆಗೆ ಹೋದರೂ ಮೊದಲು ನೀರು ಬರುತ್ತದೆ. ಆಮೇಲೆ "ಯಾವೂರು?" ಬರುತ್ತದೆ. ಅದರ ಬೆನ್ನಿಗೇ "ಯಾರ ಪೈಕಿ?" ಬರುತ್ತದೆ, ಅಂದರೆ ಯಾವ ಮನೆತನ, ಯಾರ ಬಳಗ ಎಂದು. ಚಹಾ ಬರುವ ಹೊತ್ತಿಗೆ ನಿಮ್ಮ ಅತ್ತೆಯ ನಾದಿನಿಯನ್ನು ಅವರ ಭಾವನ ಅಣ್ಣನಿಗೆ ಕೊಟ್ಟಿರುವುದು ಪತ್ತೆಯಾಗಿರುತ್ತದೆ. ಧಾರವಾಡದಲ್ಲಿ ಸಮಾಜಕಾರ್ಯ ಓದುವವರಿಗೆ ನಾನು ಮಕ್ಕಳ ರಕ್ಷಣೆಯ ಕೆಲಸ ಕಲಿಸುತ್ತೇನೆ. ಕಾನೂನು ಕಲಿಸುವುದು ಸುಲಭ. ಈ ಪೈಕಿಯಿಂದ ಅವರನ್ನು ಬಿಡಿಸುವುದೇ ತಲೆಬೇನೆ.

ಅದಕ್ಕೆಂದು ತರಗತಿಯಲ್ಲಿ ನಾಟಕ ಆಡಿಸುತ್ತೇನೆ. ನಾನು ಮನೆಯೊಡತಿ. ವಿದ್ಯಾರ್ಥಿ ಬಾಗಿಲಿಗೆ ಬಂದು, ಮಗುವನ್ನು ನೋಡಬೇಕು ಎನ್ನಬೇಕು. ನಾನು "ಬರ್ರಿ, ಕೂಡ್ರಿ, ಬಿಸಲಾಗ ಬಂದೀರಿ" ಎನ್ನುತ್ತೇನೆ. ಅಷ್ಟಕ್ಕೇ ಅರ್ಧ ತರಗತಿ ಮಣ್ಣು ಮುಕ್ಕುತ್ತದೆ. ಇಲ್ಲದ ಚಹಾ ಕುಡಿದು, ಇಲ್ಲದ ಚೂಡಾ ತಿಂದು, ಬಂದ ಕೆಲಸ ಮರೆತು "ಬರ್ತೇವ್ರಿ" ಎಂದು ಎದ್ದು ಬರುತ್ತಾರೆ. ಆಗ ನಾನು ಬೈಯುತ್ತೇನೆ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ನಿಮಗೆ ಮನೆಯಲ್ಲಿ ಕಲಿಸಿದ್ದಾರೆ, ಇಲ್ಲಿ ಎಣಿಸುವುದಕ್ಕೇ ಸಂಬಳ, ಆದ್ದರಿಂದ ಚಹಾ ಮುಟ್ಟಬೇಡಿ, ಯಾರ ಪೈಕಿ ಎಂದು ಬಾಯಿ ಬಿಡಬೇಡಿ ಎನ್ನುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ.

ಈಚೆಗೆ ಒಬ್ಬಳು ಶಿಷ್ಯೆ ಬಂದಳು. ಹತ್ತಿ ವ್ಯಾಪಾರದ ಮನೆತನ, ತುಂಬಿದ ಮನೆ. ಎಂಥ ಮರ್ಯಾದಸ್ಥೆ ಎಂದರೆ ಆಟೋದವನಿಗೂ "ಹೋಗಿ ಬರ್ತೇನ್ರಿ" ಎಂದು ಹೇಳಿಯೇ ಇಳಿಯುವಳು. ಛಲೋ ಹುಡುಗಿ ಎಂದು ಎಲ್ಲರ ಬಾಯಲ್ಲೂ ಅನ್ನಿಸಿಕೊಂಡು ಬೆಳೆದವಳು. ಈ ಕೆಲಸಕ್ಕೆ ಅದಕ್ಕಿಂತ ದೊಡ್ಡ ಕುತ್ತಿಲ್ಲ ಎಂದು ನನಗೆ ದಿಗಿಲಾಗಿತ್ತು.

ಅವಳ ಮೊದಲ ಮನೆ ಭೇಟಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಿನ ಒಂದು ಓಣಿಯಲ್ಲಿ. ತಾಯಿ ತೀರಿಕೊಂಡ ಒಂಬತ್ತು ವರ್ಷದ ಹೆಣ್ಣುಮಗು ಅಲ್ಲಿ ಸೋದರಮಾವನ ಮನೆಯಲ್ಲಿತ್ತು. ಬಹಳ ದಿನದಿಂದ ಶಾಲೆಗೆ ಬರುತ್ತಿಲ್ಲ ಎಂದು ಅದರ ಶಿಕ್ಷಕಿ ಮಕ್ಕಳ ರಕ್ಷಣಾ ಕಚೇರಿಗೆ ತಿಳಿಸಿದ್ದರು. ನೋಡಿ ಬಂದು ವರದಿ ಕೊಡಿ ಎಂದು ಕಚೇರಿಯವರು ನಮಗೆ ಒಪ್ಪಿಸಿದರು. ಎಲ್ಲಾ ಸರಿ ಇದೆ ಎಂದು ಬರೆದರೆ ಮುಗಿಯಿತು, ಮತ್ತೆ ಯಾರೂ ಆ ಬಾಗಿಲು ತಟ್ಟುವುದಿಲ್ಲ. ಮಾತಾಡಬೇಕಾದವಳು ಶಿಷ್ಯೆ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಆ ನಿಯಮ ಮಾಡಿದವಳೂ ನಾನೇ.

ಮಾವ ತಾರಿಹಾಳದ ವರ್ಕ್‌ಶಾಪಿಗೆ ಹೋಗಿದ್ದ. ಅವನ ಹೆಂಡತಿ ಹೊಲಿಗೆ ಯಂತ್ರ ಬಿಟ್ಟೆದ್ದು ನಗುತ್ತ ಒಳಗೆ ಕರೆದಳು. ನೀರು ಕೊಟ್ಟಳು. ಊರು ಕೇಳಿದಳು. ನನ್ನ ಛಲೋ ಹುಡುಗಿ ಊರನ್ನೂ ಹೇಳಿದಳು, ಅಜ್ಜನ ಮನೆಯನ್ನೂ ಹೇಳಿದಳು.

"ಅಯ್ಯ, ನಿಮ್ಮವ್ವನ ತವರೂರು ನಮ್ಮೂರ ಬಾಜೂಕನ ಐತಿ. ಹಂಗಾದ್ರ ನೀ ನಮ್ಮ ಪೈಕೀನ ಆದಿ" ಎಂದಳು ಮನೆಯವಳು.

ಮಗು ಚಹಾ ತಂದಿತು. ಒಂದು ಕೈಯಲ್ಲಿ ತಟ್ಟೆ, ಸೊಂಟದ ಮೇಲೆ ಆ ಮನೆಯ ಕೂಸು. "ಇವತ್ತ ಈಕಿಗಿ ಜ್ವರ ರೀ, ಅದಕ್ಕ ಸಾಲಿಗಿ ಕಳಿಸಿಲ್ಲ" ಎಂದಳು ಮನೆಯವಳು. ಜ್ವರ ಬಂದ ಮಗು ಕೂಸು ಹೊತ್ತುಕೊಂಡು ನಮಗೆ ಚಹಾ ಹಂಚುತ್ತಿದೆ, ನನ್ನ ಶಿಷ್ಯೆ "ಹೌದೇನ್ರಿ ಕಾಕು" ಎಂದು ಅವಳನ್ನು ಚಿಕ್ಕಮ್ಮನನ್ನಾಗಿ ಮಾಡಿಕೊಂಡು ಚೂಡಾ ಮೆಲ್ಲುತ್ತಿದ್ದಾಳೆ. ನಾನು ಹಲ್ಲು ಕಡಿದ ಸದ್ದು ಓಣಿಗೇ ಕೇಳಿಸಿರಬೇಕು. ಕೊನೆಗೊಮ್ಮೆ, ಮಗುವಿನ ಜೋಡಿ ಒಬ್ಬಳೇ ಮಾತಾಡಬಹುದೇ ಎಂದು ಮೆಲ್ಲಗೆ ಕೇಳಿದಳು.

"ನಮ್ಮವರ ಮನ್ಯಾಗ ಹಿಂಗ ಕೇಳ್ತಾರೇನ ತಂಗಿ?" ಎಂದಳು ಮನೆಯವಳು. ಅವಳಿಗೆ ನಿಜಕ್ಕೂ ನೋವಾಗಿತ್ತು. ಶಿಷ್ಯೆ ತಲೆ ತಗ್ಗಿಸಿದಳು. ಕೈಮುಗಿದು ಎದ್ದು ಬಂದೆವು.

ಧಾರವಾಡದ ಬಸ್ಸು ಹತ್ತಿದೆವು. ನಾನು ಬಾಯಿ ತೆರೆದಿದ್ದರೆ ಡ್ರೈವರು ಬಸ್ಸು ನಿಲ್ಲಿಸಿ ನನ್ನನ್ನು ಇಳಿಸುತ್ತಿದ್ದ. ರಾಯಾಪುರ ಸಮೀಪಿಸಿದಾಗ ಅವಳೇ ಶುರು ಮಾಡಿದಳು.

"ನಾ ಜೋರ ಮಾಡಿದ್ರ ಕಾಕು ನಮ್ಮವ್ವಗ ಫೋನ್ ಹಚ್ಚತಾಳ್ರಿ. ನಾಳೆ ಯಾರದರೆ ಲಗ್ನಕ್ಕ ಹೋದ್ರ ಮಂದಿ ಅವ್ವನ ಮಾರಿ ನೋಡಿ ಮಾತಾಡ್ತಾರ."

"ಆತು. ವರದ್ಯಾಗ ಏನ್ ಬರೀತಿ?"

ಅವಳು ಕಿಟಕಿಯ ಕಡೆ ತಿರುಗಿದಳು. ಕಣ್ಣು ತುಂಬಿದ್ದವು. "ನಾ ಆ ಹುಡುಗಿ ಮಾರೀನ ಸರಿಯಾಗಿ ನೋಡಿಲ್ಲ ಮೇಡಂ. ಚಹಾದ ಕಪ್ ನೋಡ್ಕೋತ ಕುಂತಿದ್ದೆ" ಎಂದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದು ನಿಂತು, "ಇಳೀರಿ, ಹೊಳ್ಳಿ ಹೋಗೂಣು" ಎಂದಳು. ರಾಯಾಪುರದಲ್ಲಿ ಇಳಿದು, ರಸ್ತೆ ದಾಟಿ, ಹುಬ್ಬಳ್ಳಿಯ ಬಸ್ಸು ಹಿಡಿದೆವು.

ಬಾಗಿಲು ತೆಗೆದ ಮನೆಯವಳ ಮುಖ ಸಣ್ಣದಾಯಿತು. ಶಿಷ್ಯೆ ಚಪ್ಪಲಿ ಬಿಟ್ಟಳು, ಆದರೆ ಕೂರಲಿಲ್ಲ. "ಚಹಾ ಬ್ಯಾಡ್ರಿ ಕಾಕು. ಹುಡುಗಿ ಜೋಡಿ ಮಾತಾಡಿ ಹೋಗ್ತೇನಿ."

"ಆಗಷ್ಟ ನಮ್ಮ ಪೈಕಿ ಆಗಿದ್ದಿ."

"ಈಗೂ ನಿಮ್ಮ ಪೈಕೀನರಿ. ಹಂಗಾದ್ರ ಆ ಹುಡುಗೀನೂ ನಮ್ಮ ಪೈಕಿ ಆದಳಲ್ರಿ. ನಮ್ಮನಿ ಹುಡುಗಿ ಸಾಲಿ ಬಿಟ್ರ ನಾ ಕೇಳಬಾರದೇನ್ರಿ?"

ಮನೆಯವಳು ಪಕ್ಕಕ್ಕೆ ಸರಿದಳು. ಹಿತ್ತಲ ಬಾಗಿಲಿಗೆ ಕೈ ಮಾಡಿದಳು. ಪೈಕಿಯ ಸುದ್ದಿಗೇ ಹೋಗಬೇಡಿ ಎಂದು ಇಷ್ಟು ವರ್ಷ ಗಂಟಲು ಹರಿದುಕೊಂಡವಳು ನಾನು. ಇವಳು ಆ ಪೈಕಿಯನ್ನೇ ಹಿಡಿದು ಒಳಗೆ ನಡೆದಳು. ನನಗೆ ಹೆಮ್ಮೆಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಮುಂದೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಕಾಯಿಸಿ ಹೇಳುವ ಸಮಾಧಾನ ನನ್ನದಲ್ಲ. ಶಿಷ್ಯೆ ಕಂಡದ್ದನ್ನು ಕಂಡಂತೆ ಬರೆದಳು. ಕಚೇರಿಯವರು ಗಂಡ ಹೆಂಡತಿಯನ್ನು ಕೂರಿಸಿಕೊಂಡು ಮಾತಾಡಿದರು. ಮಗು ಈಗ ವಸತಿ ಶಾಲೆಯಲ್ಲಿದೆ, ಹಬ್ಬಕ್ಕೆ ಮಾವನ ಮನೆಗೆ ಬಂದು ಹೋಗುತ್ತದೆ. ಶಿಷ್ಯೆ ಹೆದರಿದಂತೆಯೇ ಕಾಕು ಫೋನ್ ಮಾಡಿದಳು, ಶಿಷ್ಯೆಯ ತಾಯಿ ಮಗಳೊಂದಿಗೆ ಬಹಳ ದಿನ ಮಾತು ಬಿಟ್ಟರು. ಆ ಕಾಕು ಕೆಟ್ಟವಳೆಂದು ನಾನು ಹೇಳಲಾರೆ. ಹೊಲಿಗೆ ನಿಲ್ಲಬಾರದು, ಕೂಸು ಅಳಬಾರದು, ಕೈಗೆ ಸಿಕ್ಕಿದ್ದು ಈ ಮಗು.

ಆದರೆ ನನ್ನನ್ನು ಬಿಡದೆ ಕಾಡುವುದು ಹಿತ್ತಲಿನ ಆ ಗಳಿಗೆ. ಮಗುವಿನೊಂದಿಗೆ ಮಾತಾಡುವಾಗ ನಮ್ಮಂಥವರು ಕಣ್ಣಳತೆಯಲ್ಲಿರಬೇಕು, ಕಿವಿಯಳತೆಯಲ್ಲಿರಬಾರದು. ಹಿತ್ತಲು ಅಂಗೈಯಗಲ, ಹಾಗಾಗಿ ಎಲ್ಲವೂ ಕೇಳಿಸಿತು. ಶಿಷ್ಯೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಮಗು ಕೂಸನ್ನು ಎತ್ತಿಕೊಂಡು ನಿಂತಿತ್ತು.

"ಸಾಲಿ ಅಂದ್ರ ನನಗ ಭಾಳ ಸೇರತೈತ್ರಿ. ಆದ್ರ ನಾ ಹೋದ್ರ ಇವನ್ನ ಯಾರ ಎತಗೋಬೇಕು?"

"ಅದು ನಿನ್ನ ಕೆಲಸ ಅಲ್ಲ ತಂಗಿ."

ಮಗು ಅವಳನ್ನೇ ನೋಡಿತು. "ಮತ್ತ ನನ್ನ ಕೆಲಸ ಏನ್ರಿ ಅಕ್ಕಾ?"

ಶಿಷ್ಯೆ ಎದ್ದು ಕೈ ಚಾಚಿ ಕೂಸನ್ನು ತಾನು ಎತ್ತಿಕೊಂಡಳು. ಮಗು ಓಡೀತು, ಇಲ್ಲವೇ ನಕ್ಕೀತು ಎಂದು ನಾನು ಕಾದೆ. ಅದು ನಿಂತಲ್ಲೇ ನಿಂತಿತ್ತು. ತೋಳು ಕೂಸನ್ನು ಬಳಸಿದ ಹಾಗೆಯೇ ಬಾಗಿತ್ತು, ಸೊಂಟ ಒಂದು ಕಡೆಗೆ ವಾಲಿಯೇ ಇತ್ತು. ತಾನು ಬರಿಗೈಯಲ್ಲಿದ್ದೇನೆ ಎಂಬುದು ಆ ಮೈಗೆ ಇನ್ನೂ ತಿಳಿದಿರಲಿಲ್ಲ.