ಮನೆದೇವರ ಹೆಸರಿನ ಪಾಸ್‌ವರ್ಡ್

"ಸರ, ನಿಮ್ಮ ಕೀಲಿ ಮುರದೈತಿ. ಲಗೂನ ಬರ್ರಿ."

ಕಳೆದ ಸೋಮವಾರ ನಮ್ಮ ಬಾಗಲಕೋಟೆ ಕಾಲೇಜಿನ ಆಫೀಸಿಗೆ ಇಳಕಲ್ಲಿನಿಂದ ಟ್ರಂಕ್ ಕಾಲ್. ಮಾತಾಡಿದ್ದು ಶಂಕ್ರಪ್ಪ. ಸೀರೆ ವ್ಯಾಪಾರಿ, ನನ್ನ ಹಳೆಯ ಗೆಳೆಯ. ಗಣಿತ ಕಲಿಸುವವನಿಗೂ ಕೀಲಿಗೂ ಏನು ಸಂಬಂಧ ಎಂದು ಹೆಡ್ ಕ್ಲಾರ್ಕ್ ನನ್ನ ಮುಖ ನೋಡಿದರು.

ಸಂಬಂಧ ಇದೆ. ಹೋದ ವರ್ಷ ಶಂಕ್ರಪ್ಪನವರ ಅಂಗಡಿಗೆ ಕಂಪ್ಯೂಟರ್ ಬಂತು. (ಅದರ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಅಡುಗೆ ಮನೆಗೂ ಅಷ್ಟು ಮಡಿ ಇಲ್ಲ.) ನಡೆಸುವುದನ್ನು ಅಣ್ಣ ತಮ್ಮ ಇಬ್ಬರೂ ಕಲಿತರು. ದೀಪಾವಳಿಯ ಹೊತ್ತಿಗೆ ತಮ್ಮ ಈರಣ್ಣ ಬೇರೆಯಾಗಿ ಎದುರು ಸಾಲಿನಲ್ಲೇ ಅಂಗಡಿ ಇಟ್ಟ. ಕಂಪ್ಯೂಟರ್ ಅಣ್ಣನ ಪಾಲಿಗೆ ಬಂತು. ಹಳೆಯ ಗಿರಾಕಿಗಳೂ ಅಣ್ಣನಿಗೇ ಎಂದು ಹಿರಿಯರ ಮುಂದೆ ಮಾತಾಯಿತು.

ಆಮೇಲೆ ನಾನು ಬಂದೆ. ಧಾರವಾಡದಲ್ಲಿ ರಜೆಯ ಕೋರ್ಸ್ ಮಾಡಿದ ಹುಮ್ಮಸ್ಸಿತ್ತು. ಅವರಿಗೊಂದು ಡೇಟಾಬೇಸ್ ಮಾಡಿಕೊಟ್ಟೆ. ಸೊಲ್ಲಾಪುರದಿಂದ ಪುಣೆಯವರೆಗಿನ ಗಿರಾಕಿಗಳೆಲ್ಲ ಅದರಲ್ಲಿದ್ದಾರೆ. ಸೀರೆಯ ಅಂಚಿಗೆ ಯಾರಿಗೆ ಚಿಕ್ಕಿಪರಾಸ ದಡಿ ಬೇಕು, ಯಾರಿಗೆ ಗೋಮಿ, ಯಾರ ಮನೆಯಲ್ಲಿ ಯಾವಾಗ ಮದುವೆ. ಇಷ್ಟು ವರ್ಷ ಶಂಕ್ರಪ್ಪನವರ ತಲೆಯಲ್ಲಿದ್ದ ವ್ಯಾಪಾರ ಈಗ ಒಂದು ಫ್ಲಾಪಿಯಲ್ಲಿ ಕೂತಿದೆ.

ಚಿಂತೆ ಶುರುವಾದದ್ದೇ ಅಲ್ಲಿ. ಖಾತೆ ಪುಸ್ತಕ ಕದ್ದರೆ ಗೊತ್ತಾಗುತ್ತದೆ, ಪುಸ್ತಕ ಇರುವುದಿಲ್ಲ. ಇದನ್ನು ಇನ್ನೊಂದು ಫ್ಲಾಪಿಗೆ ನಕಲು ಮಾಡಿಕೊಂಡರೆ? ಎರಡು ನಿಮಿಷದ ಕೆಲಸ. ಮೂಲ ಇದ್ದಲ್ಲೇ ಇರುತ್ತದೆ, ವ್ಯಾಪಾರ ಮಾತ್ರ ಇನ್ನೊಬ್ಬರ ಕೈಚೀಲ ಸೇರಿರುತ್ತದೆ. ಅದಕ್ಕೇ ಪಾಸ್‌ವರ್ಡ್ ಇಟ್ಟೆ. ಅದನ್ನು ಕೊಡದೆ ಯಾರು ನಕಲು ಮಾಡಿದರೂ ಓದಲು ಬರದಂತೆ ಅಕ್ಷರಗಳನ್ನು ಕಲಸಿಟ್ಟೆ.

"ಒಂದು ಶಬ್ದ ಹೇಳ್ರಿ" ಎಂದೆ. ಶಂಕ್ರಪ್ಪ ಕಣ್ಣು ಮುಚ್ಚಿ ಕೈ ಮುಗಿದು "ಬನಶಂಕರಿ" ಎಂದರು. ಬಾದಾಮಿಯ ತಾಯಿ, ಅವರ ಮನೆದೇವರು. ಇಂಗ್ಲಿಷಿನಲ್ಲಿ ಬರೆದರೆ ಹನ್ನೆರಡು ಅಕ್ಷರ. ಯಾವ ಕಳ್ಳನಿಗೆ ಹೊಳೆದೀತು? ನಾನೂ ಖುಷಿಯಿಂದ ಒಪ್ಪಿದೆ.

ಇಳಕಲ್ಲಿಗೆ ಹೋದಾಗ ತಿಳಿದದ್ದು ಇಷ್ಟು. ಅಮಾವಾಸ್ಯೆ ಪೂಜೆಗೆಂದು ಬಂದ ಈರಣ್ಣ, ಅಣ್ಣ ಊಟಕ್ಕೆ ಎದ್ದಾಗ ಕಂಪ್ಯೂಟರ್ ಮುಂದೆ ಕೂತಿದ್ದ. ವಾರ ಕಳೆಯುವುದರೊಳಗೆ ಸೊಲ್ಲಾಪುರದ ಹಳೆಯ ಗಿರಾಕಿಗಳಿಗೆ ಅವನ ಅಂಗಡಿಯಿಂದ ಕಾಗದಗಳು ಹೋಗಿದ್ದವು.

ಸೀದಾ ಅವನ ಅಂಗಡಿಗೇ ಹೋಗಿ ಕೇಳಿದೆ. ಅವನೇನೂ ನಾಚಲಿಲ್ಲ.

"ನಾ ಏನೂ ಮುರದಿಲ್ರಿ ಸರ. ಅದು ಶಬ್ದ ಕೇಳ್ತು. ಅಣ್ಣ ಏನ್ ಇಟ್ಟಿರ್ತಾನ ಅಂತ ನಂಗ ಗೊತ್ತಿಲ್ಲೇನು? ಮನಿದೇವರ ಹೆಸರು ಹಾಕಿದೆ, ತೆಗೀತು. ಹೊಲ, ಮನಿ, ಮಗ್ಗ ಎಲ್ಲಾ ಪಾಲ ಆಗ್ಯಾವ. ದೇವಿ ಪಾಲ ಆಗ್ಯಾಳೇನ್ರಿ?"

ತಪ್ಪು ಅವನದೇ, ಅದನ್ನು ಅವನ ಮುಖಕ್ಕೇ ಹೇಳಿದೆ. ಫ್ಲಾಪಿ ತೆಗೆದುಕೊಟ್ಟ. (ಇನ್ನೊಂದು ನಕಲು ಇಲ್ಲವೆಂದು ಯಾರು ಹೇಳಬೇಕು?) ಗುಟ್ಟಿನ ಶಬ್ದ ಪರರು ಊಹಿಸದಂತಿರಲಿ ಎಂದು ಕಂಪ್ಯೂಟರ್ ಪುಸ್ತಕದಲ್ಲಿ ಬರೆದಿದೆ. ಬರೆದವನಿಗೆ ನಮ್ಮ ಕಡೆಯ ಅಣ್ಣತಮ್ಮಂದಿರು ಗೊತ್ತಿಲ್ಲ, ಅಷ್ಟೇ.

ಹೊಸ ಪಾಸ್‌ವರ್ಡ್ ಇಡಲು ಕೂತೆವು. ತಮ್ಮನಿಗೆ ಗೊತ್ತಿಲ್ಲದ ಒಂದೇ ಒಂದು ಶಬ್ದ ಸಾಕು. ತಾಯಿಯ ಹೆಸರು? ಅವನಿಗೂ ತಾಯಿಯೇ. ಶಾಲೆಯ ಮಾಸ್ತರು? ಇಬ್ಬರನ್ನೂ ಹೊಡೆದದ್ದು ಒಬ್ಬರೇ. ಚಿಕ್ಕಂದಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಮರ?

"ಅಲ್ಲಿಂದ ನನ್ನ ಹೊತ್ಕೊಂಡು ಮನಿಗಿ ಬಂದಾಂವನ ಅಂವ" ಎಂದರು ಶಂಕ್ರಪ್ಪ. ಐವತ್ತು ದಾಟಿದ ಮನುಷ್ಯ. ತಮ್ಮನಿಂದ ಮುಚ್ಚಿಡಲು ಒಂದು ಶಬ್ದವೂ ಇಲ್ಲದೆ ಕೂತಿದ್ದರು. ನನಗೆ ಅವರನ್ನು ನೋಡಿ ಕೆಡುಕೆನಿಸಿತು.

ಅಂಗಡಿಯ ಹಿಂದೆಯೇ ಮನೆ. ಚಹಾ ತಂದ ಅವರ ಹೆಂಡತಿ ಗಂಗಕ್ಕ ಎಲ್ಲ ಕೇಳುತ್ತ ಬಾಗಿಲಲ್ಲಿ ನಿಂತಿದ್ದರು.

"ನಂದೊಂದು ಹೆಸರೈತ್ರಿ ಸರ. ಕಮತಗ್ಯಾಗ, ನನ್ನ ತವರಮನ್ಯಾಗ ಕರೀತಿದ್ರು. ಮೈದುನಗ ಗೊತ್ತಿಲ್ಲ." ಗಂಡನ ಕಡೆ ನೋಡಿ ಸೇರಿಸಿದರು, "ಇವರಿಗೂ ಗೊತ್ತಿಲ್ಲ."

ಶಂಕ್ರಪ್ಪ ತಲೆ ಎತ್ತಿದರು. "ಯಾವ ಹೆಸರ?"

"ಹೇಳಿದ್ರ ಅದು ಕೀಲಿ ಹೆಂಗಾದೀತ್ರಿ?"

ಗಂಗಕ್ಕ ಕೂತರು. ಏಳನೆಯ ತರಗತಿಯವರೆಗೆ ಓದಿದವರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪರದೆಯ ಮೇಲೆ ಬರೀ ಚುಕ್ಕಿ. ನಾನು ಗೋಡೆ ಕಡೆ ತಿರುಗಿದೆ, ಅವರ ಗಂಡನನ್ನೂ ತಿರುಗಿಸಿದೆ. ಇನ್ನು ಮೇಲೆ ದಿನಾ ಬೆಳಿಗ್ಗೆ ಗಂಗಕ್ಕ ಬಂದು ತೆರೆದುಕೊಟ್ಟರೆ ಉಂಟು ವ್ಯಾಪಾರ, ಇಲ್ಲದಿದ್ದರೆ ಇಲ್ಲ.

ಇಪ್ಪತ್ತು ವರ್ಷಕ್ಕೂ ಮೀರಿದ ಸಂಸಾರ. ನಡುವೆ ಒಂದು ದಿನವಾದರೂ ಈ ಮನುಷ್ಯ ಆ ಹೆಸರು ಕೇಳಬಾರದಿತ್ತೇ? ಬಸ್ಸಿನಲ್ಲಿ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಅಮೀನಗಡದಲ್ಲಿ ಬಸ್ಸು ನಿಂತಿತು, ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡೆ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿದಳು, ನಕ್ಕಳು.

ಆಮೇಲೆ ಮೆಲ್ಲಗೆ ಕೇಳಿದೆ. "ನಿಂಗೂ ತವರಮನ್ಯಾಗ ಹಂಗ ಒಂದು ಹೆಸರು ಇತ್ತೇನು?"

ಅವಳು ಪೊಟ್ಟಣದ ದಾರ ಬಿಚ್ಚುತ್ತ ಹೇಳಿದಳು: "ಯಾಕ್ರಿ, ಕಂಪ್ಯೂಟರಿಗೆ ಬೇಕಾಗೇತೇನು?"